ಗೃಹಧರ್ಮವೂ ಗ್ರಂಥರಚನೆಯೂ: ಎಲಿಜಬೆತ್ ಗ್ಯಾಸ್ಕೆಲಳ ಒಂದು ಪತ್ರದ ವಿಚಾರ

೧

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಕಾದಂಬರಿಯನ್ನು ಬೆಳೆಸಿದವರಲ್ಲಿ ಸ್ತ್ರೀಯರು ಅಗ್ರಸ್ಥಾನದಲ್ಲಿ ನಿಲ್ಲುವರೆಂಬುದು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಆ ಸ್ತ್ರೀಯರ ಜೀವನವೃತ್ತಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಸಂಗತಿಯೂ ಗೋಚರವಾಗುತ್ತದೆ. ಜೇನ್ ಆಸ್ಟಿನಳು ಮದುವೆಯಾಗಲಿಲ್ಲ. ಎಮಿಲಿ ಮತ್ತು ಆನ್ ಬ್ರಾಂಟೆಯರು ಅವಿವಾಹಿತರಾಗಿಯೇ ತೀರಿಕೊಂಡರು. ಅವರ ಅಕ್ಕ ಶಾರ್ಲಟಳು ಮದುವೆಯಾದ ಒಂದು ವರ್ಷದೊಳಗೇ, ಅಂದರೆ ೧೮೫೫ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ, ಮೃತಳಾದಳು. ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಬರೆದಾಕೆಗೆ ಹೊಟ್ಟೆಯ ಮಕ್ಕಳಿರಲಿಲ್ಲ. ಈ ಪಂಕ್ತಿಯಲ್ಲಿ ಗಂಡ, ನಾಲ್ವರು ಹೆಣ್ಣುಮಕ್ಕಳು, ದೊಡ್ಡ ಸಂಸಾರ, ದೇವಾಲಯದ ಪಾದ್ರಿಯ ಹೆಂಡತಿಗೆ ಸಲ್ಲುವ ಸಾರ್ವಜನಿಕ ಭಾರ, ಇವೆಲ್ಲವನ್ನೂ ಹೊತ್ತುಕೊಂಡೇ ಕಾದಂಬರಿಗಳನ್ನು ಬರೆದಾಕೆ ಎಲಿಜಬೆತ್ ಗ್ಯಾಸ್ಕೆಲಳು. ಆದುದರಿಂದ ಗೃಹಕೃತ್ಯಕ್ಕೂ ಸಾಹಿತ್ಯರಚನೆಗೂ ಇರುವ ಸಂಬಂಧವನ್ನು ವಿಚಾರಮಾಡುವವರಿಗೆ ಈಕೆಯ ಚರಿತ್ರೆಯು ಮುಖ್ಯವಾದ ಆಕರವಾಗಿರುತ್ತದೆ.

ಈ ವಿಷಯದಲ್ಲಿ ಈಕೆಯೇ ಬರೆದ ಒಂದು ಪತ್ರವಿದೆ. ಅದರ ದಿನಾಂಕ ೧೮೬೨ನೆಯ ಇಸವಿ ಸೆಪ್ಟೆಂಬರ್ ೨೫. ಕಾದಂಬರಿಯನ್ನು ಬರೆಯಬೇಕೆಂಬ ಹಂಬಲವುಳ್ಳ, ಎಳೆಯ ಮಕ್ಕಳ ತಾಯಿಯಾದ ಒಬ್ಬ ತರುಣಿಯು ತನ್ನ ಬರೆವಣಿಗೆಯ ವಿಷಯವಾಗಿ ಈಕೆಯ ಅಭಿಪ್ರಾಯವನ್ನು ಬೇಡಿದ್ದಳು. ಗಂಡನಿಗೆ ನೆರವಾಗುವಂತೆ ನಾಲ್ಕು ಕಾಸು ಸಂಪಾದಿಸಬೇಕೆಂಬುದೂ ಆ ತರುಣಿಯ ಉದ್ದೇಶಗಳಲ್ಲೊಂದು. ಗ್ಯಾಸ್ಕೆಲಳು ಕೊಟ್ಟ ಉತ್ತರದ ಸಾರಾಂಶವಿಷ್ಟು: ಶಕ್ತಿಯಿದ್ದವರಿಗೆ ಅದನ್ನು ಉಪಯೋಗಿಸುವುದು ಯಾವಾಗಲೂ ಸಂತೋಷಕರವೇ, ಆದರೆ ಆ ಸಂತೋಷಕ್ಕಾಗಿ ಯಾವುದಾದರೊಂದು ಕರ್ತವ್ಯವನ್ನು ಬಲಿಗೊಡುತ್ತಿರುವೆವೇ ಎಂಬುದನ್ನು ಚೆನ್ನಾಗಿ ತೂಗಿನೋಡಬೇಕು. ತನಗೆ ಚಿಕ್ಕ ಮಕ್ಕಳಿದ್ದಾಗ ತಾನು ಕಥೆಗಳನ್ನು ಬರೆಯಲಾಗುತ್ತಿರಲಿಲ್ಲವೆಂದು ತೋರುತ್ತದೆ. ಕಲ್ಪಿತ ಜನರಲ್ಲಿ ಮನಸ್ಸು ಮುಳುಗಿ ಮನೆಯ ನಿಜವಾದ ಜನರ ಕಡೆಗೆ ಗಮನ ತಪ್ಪುತ್ತಿತ್ತು. ಆ ತರುಣಿಗೆ ನಿಜವಾಗಿ ಪ್ರತಿಭೆಯಿದ್ದರೆ ನಲವತ್ತು ವರ್ಷದ ವಯಸ್ಸಿನಲ್ಲಿ ಈಗಿನದಕ್ಕಿಂತ ಹತ್ತರಷ್ಟು ಉತ್ತಮವಾದ ಕಾದಂಬರಿಯನ್ನು ಬರೆದಾಳು. ಏಕೆಂದರೆ ಅಷ್ಟರಲ್ಲಿ ಹೆಂಡತಿಯಾಗಿ ತಾಯಿಯಾಗಿ ಬಾಳಿದ ಅನುಭವವು ಅವಳಲ್ಲಿ ತುಂಬಿರುತ್ತದೆ.

ಈ ಮಾತನ್ನು ಓದಿದವರು ಸಾಮಾನ್ಯವಾಗಿ ಎರಡು ವಿಧವಾಗಿ ಗ್ರಹಿಸಿರುತ್ತಾರೆ. ಗೃಹಿಣಿಯ ಧರ್ಮವನ್ನು ಕಲೆಗಿಂತ ಮೇಲಾಗಿ ಎಣಿಸಿದ ಸಾಧ್ವಿಯ ಮಾತಿದೆಂದು ಕೆಲವರು ಹೊಗಳುವರು. ತನಗೆ ದೊರೆತ ಸ್ವಾತಂತ್ರ್ಯವನ್ನು ಮತ್ತೊಬ್ಬಳಿಗೆ ನಿರಾಕರಿಸಿದ ಮಾತಿದೆಂದು ಮತ್ತೆ ಕೆಲವರು ಆಕ್ಷೇಪಿಸುವರು. ಈ ಎರಡು ಗ್ರಹಿಕೆಗಳೂ ಕಾಲಗಣನೆಯ ಪರೀಕ್ಷೆಯನ್ನು ತಡೆಯಲಾರವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಆಕರಗಳ ವಿಷಯವನ್ನು ಹೇಳಬೇಕಾಗಿದೆ. ಗ್ಯಾಸ್ಕೆಲಳು ತನ್ನ ಜೀವನಚರಿತ್ರೆಯು ಪ್ರಕಟವಾಗುವುದನ್ನು ಬಯಸಲಿಲ್ಲ. ತನ್ನ ಪತ್ರಗಳನ್ನು ಸುಟ್ಟುಬಿಡಬೇಕೆಂದು ಹಿರಿಯ ಮಗಳಿಗೆ ಪದೇಪದೇ ಬರೆಯುತ್ತಿದ್ದಳು. ಮಗಳಂದಿರು ತಾಯಿಯ ಈ ಇಚ್ಛೆಯನ್ನು ಬಹುಮಟ್ಟಿಗೆ ಗೌರವಿಸಿದರು. ಕೊನೆಯವರೆಗೆ ಮ್ಯಾಂಚೆಸ್ಟರಿನ ಮನೆಯಲ್ಲಿಯೇ ಇದ್ದ ಎರಡನೆಯ ಮಗಳು ಮೆಟಾ ಎಂಬಾಕೆಯು ೧೯೧೩ರಲ್ಲಿ ತೀರಿಕೊಳ್ಳುವ ವೇಳೆಗೆ ಅನೇಕ ಕಾಗದಗಳು ನಾಶವಾಗಿದ್ದವು. ಹೀಗಾಗಿ ಬಹುಕಾಲದವರೆಗೆ ಓದುಗರಿಗೆ ತಿಳಿದಿದ್ದವಳು "ಮಿಸೆಸ್ ಗ್ಯಾಸ್ಕೆಲ್" ಎಂಬ ಶಾಂತಸ್ವಭಾವದ ಗೃಹಿಣಿ ಮಾತ್ರ. ೧೯೩೪ರಲ್ಲಿ ಲಾರ್ಡ್ ಡೇವಿಡ್ ಸೆಸಿಲನು ತನ್ನ ವಿಮರ್ಶಾಗ್ರಂಥದಲ್ಲಿ ಬ್ರಾಂಟೆ, ಎಲಿಯಟ್ ಎಂಬ ಹದ್ದುಗಳ ನಡುವೆ ಈಕೆಯು ಪಾರಿವಾಳವೆಂದು ವರ್ಣಿಸಿದುದು ಈ ಕಲ್ಪನೆಯ ಪ್ರಸಿದ್ಧವಾದ ರೂಪವಾಗಿದೆ.

ಚ್ಯಾಪಲ್ ಮತ್ತು ಪೊಲಾರ್ಡ್ ಎಂಬ ವಿದ್ವಾಂಸರು ಉಳಿದ ಪತ್ರಗಳನ್ನು ಸಂಗ್ರಹಿಸಿ ೧೯೬೬ರಲ್ಲಿ ಪ್ರಕಟಿಸಿದ ಮೇಲೆ ಆ ಚಿತ್ರವು ಬದಲಾಯಿತು. ಮೊದಲು ೧೯೨೩ರಲ್ಲಿ ಖಾಸಗಿಯಾಗಿ ಅಚ್ಚಾಗಿ ಕೆಲವರ ಕೈಗೆ ಮಾತ್ರ ದೊರೆತಿದ್ದ ಆಕೆಯ ದಿನಚರಿಯು ೧೯೯೬ರಲ್ಲಿ ಎಲ್ಲರಿಗೂ ಸುಲಭವಾಯಿತು. ಇವುಗಳಲ್ಲಿ ಕಾಣುವಾಕೆಯು ಪಾರಿವಾಳವಲ್ಲ. ಹಾಸ್ಯಪ್ರಿಯೆ, ಆತುರದ ಸ್ವಭಾವದವಳು, ದಣಿವನ್ನು ಬಲ್ಲವಳು, ತನ್ನೊಳಗಿನ ವಿರೋಧಗಳನ್ನು ತಾನೇ ಎಣಿಸಿ ನಗುವವಳು. ಆದರೂ ಒಂದು ಎಚ್ಚರಿಕೆ ಅವಶ್ಯಕ. ಪತ್ರವು ಬರೆದವರ ಮನಸ್ಸಿಗೆ ಹೇಗೋ ಪಡೆದವರ ಸ್ಥಿತಿಗೂ ಹಾಗೆಯೇ ಸಾಕ್ಷಿಯಾಗಿರುತ್ತದೆ. ಯಾರಿಗೆ ಬರೆದದ್ದೆಂಬುದನ್ನು ಮರೆತು ಒಂದು ಪತ್ರವನ್ನು ಸಿದ್ಧಾಂತವಾಗಿ ಭಾವಿಸಿದರೆ ತಪ್ಪುದಾರಿಗೆ ಹೋಗುವೆವು.

೩

ಎಲಿಜಬೆತ್ ಕ್ಲೆಗಾರ್ನ್ ಸ್ಟೀವನ್‌ಸನ್ ಎಂಬಾಕೆಯು ೧೮೧೦ನೆಯ ಇಸವಿ ಸೆಪ್ಟೆಂಬರ್ ೨೯ರಂದು ಲಂಡನ್ನಿನ ಚೆಲ್ಸಿಯಲ್ಲಿ ಜನಿಸಿದಳು. ತಂದೆಯಾದ ವಿಲಿಯಂ ಸ್ಟೀವನ್‌ಸನನು ಮೊದಲು ಯೂನಿಟೇರಿಯನ್ ಪಂಥದ ಪಾದ್ರಿಯಾಗಿದ್ದು, ಮನಸ್ಸಾಕ್ಷಿಯ ಕಾರಣದಿಂದ ಆ ವೃತ್ತಿಯನ್ನು ಬಿಟ್ಟು, ಕಡೆಗೆ ಸರಕಾರದ ಖಜಾನೆಯ ದಾಖಲೆಗಳ ರಕ್ಷಕನಾದನು. ಮಗುವಿಗೆ ಹದಿಮೂರು ತಿಂಗಳಾಗಿದ್ದಾಗ ತಾಯಿ ತೀರಿಕೊಂಡಳು. ಚೆಷೈರಿನ ನಟ್ಸ್‌ಫರ್ಡ್ ಎಂಬ ಊರಿನಲ್ಲಿದ್ದ ದೊಡ್ಡಮ್ಮ ಹ್ಯಾನಾ ಲಂಬಳೇ ಈಕೆಯನ್ನು ಸಾಕಿ ಬೆಳೆಸಿದಳು. ಇದ್ದೊಬ್ಬ ಅಣ್ಣ ಜಾನನು ನಾವಿಕನಾಗಿ ಹಿಂದೂಸ್ಥಾನದ ಕಡೆಯ ಹಡಗುಗಳಲ್ಲಿ ಹೋಗುತ್ತಿದ್ದವನು ೧೮೨೮ರ ಸುಮಾರಿಗೆ ಕಣ್ಮರೆಯಾದನು. ಮತ್ತೆ ಅವನ ಸುದ್ದಿ ಬರಲಿಲ್ಲ. 'ಕ್ರಾನ್‌ಫರ್ಡ್' ಗ್ರಂಥದಲ್ಲಿ ಬಹುಕಾಲ ಕಾಣೆಯಾಗಿದ್ದ ಪೀಟರನು ಹಿಂದೂಸ್ಥಾನದಿಂದ ಅಕ್ಕನ ಬಳಿಗೆ ಮರಳಿಬರುವ ಪ್ರಕರಣವನ್ನು ಓದಿದವರಿಗೆ ಈ ನಷ್ಟವು ಎಷ್ಟು ಆಳವಾಗಿತ್ತೆಂಬುದು ಗೊತ್ತಾಗುತ್ತದೆ.

೧೮೩೨ನೆಯ ಇಸವಿ ಆಗಸ್ಟ್ ೩೦ರಂದು ಆಕೆಯು ಮ್ಯಾಂಚೆಸ್ಟರಿನ ಕ್ರಾಸ್ ಸ್ಟ್ರೀಟ್ ದೇವಾಲಯದ ಸಹಾಯಕ ಪಾದ್ರಿಯಾಗಿದ್ದ ವಿಲಿಯಂ ಗ್ಯಾಸ್ಕೆಲನನ್ನು ವರಿಸಿದಳು. ಆತನು ವಿದ್ವಾಂಸ, ಸ್ತೋತ್ರಗೀತಗಳ ಕರ್ತೃ, ಆಂಗ್ಲಸಾಹಿತ್ಯದ ಉಪನ್ಯಾಸಕ, ಲ್ಯಾಂಕಾಷೈರಿನ ಆಡುಮಾತನ್ನು ಬಲ್ಲವನು. ಮರುವರ್ಷ ಹುಟ್ಟಿದ ಹೆಣ್ಣುಮಗು ಹುಟ್ಟುವಾಗಲೇ ಜೀವವಿಲ್ಲದೆ ಇದ್ದಿತು. ೧೮೩೪ರಲ್ಲಿ ಮೇರಿಯಾನ್, ೧೮೩೭ರಲ್ಲಿ ಮಾರ್ಗರೆಟ್ ಎಮಿಲಿ ಎಂಬ ಮೆಟಾ, ೧೮೪೨ರಲ್ಲಿ ಫ್ಲಾರೆನ್ಸ್, ೧೮೪೪ರಲ್ಲಿ ವಿಲಿಯಂ, ೧೮೪೬ರಲ್ಲಿ ಜೂಲಿಯಾ ಜನಿಸಿದರು. ವಾಚಕರು ಈ ವರ್ಷಗಳನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನಮ್ಮ ವಾದವು ಇವುಗಳನ್ನೇ ಅವಲಂಬಿಸಿದೆ.

೧೮೩೫ರ ಮಾರ್ಚಿಯಲ್ಲಿ, ಮೇರಿಯಾನಳಿಗೆ ಆರು ತಿಂಗಳಾಗಿದ್ದಾಗ, ತಾಯಿಯು ಒಂದು ದಿನಚರಿಯನ್ನು ಆರಂಭಿಸಿ ೧೮೩೮ರವರೆಗೆ ಆಗಾಗ ಬರೆದಳು. ತಾನು ಬದುಕಿಲ್ಲದಿದ್ದರೂ ಈ ಪುಸ್ತಕವು ಮಗಳಿಗೆ ಸೇರಬೇಕೆಂಬುದು ಅದರ ಮೊದಲ ಪುಟದ ಆಶಯ. ಮಗುವು ಅಳುವ ಕಾರಣ, ಅದರ ಹಟ, ಗಮನವಿಟ್ಟು ನೋಡುವ ರೀತಿ, ತಾಯಿಯ ತಾಳ್ಮೆ ತಪ್ಪಿದ ಗಳಿಗೆಗಳು, ದೇವರಲ್ಲಿ ಬೇಡಿಕೊಂಡ ಸಹಾಯ, ಇವೇ ಅದರ ವಿಷಯ. ಇದನ್ನು ಭಕ್ತಿಯ ದಾಖಲೆಯೆಂದು ಮಾತ್ರ ಎಣಿಸಿದರೆ ಸಾಲದು. ಒಂದು ಸಣ್ಣ ಜೀವಿಯ ನಡತೆಯನ್ನು ದಿನದಿನವೂ ನೋಡಿ, ಅದರ ಹಿಂದಿನ ಕಾರಣವನ್ನು ಊಹಿಸಿ, ತನ್ನ ಊಹೆಯು ಸರಿಯೋ ಎಂದು ಮತ್ತೆ ಪರೀಕ್ಷಿಸುವ ಅಭ್ಯಾಸವೇ ಕಾದಂಬರಿಕಾರರಿಗೆ ಬೇಕಾದ ಮೊದಲ ಶಿಕ್ಷಣ. ಆದರೆ ಅದೇ ವರ್ಷಗಳಲ್ಲಿ ಸಾಹಿತ್ಯವೆನಿಸಿಕೊಳ್ಳುವಂಥದು ಆಕೆಯ ಲೇಖನಿಯಿಂದ ಬಹಳ ಸ್ವಲ್ಪ ಹೊರಬಂದಿತು. ಸತ್ತುಹುಟ್ಟಿದ ಮಗಳ ಸಮಾಧಿಯನ್ನು ಕುರಿತು ೧೮೩೬ರಲ್ಲಿ ಬರೆದ ಒಂದು ಕವಿತೆ, ಗಂಡನೊಡನೆ ಕೂಡಿ ಬರೆದು ೧೮೩೭ರ ಜನವರಿಯಲ್ಲಿ 'ಬ್ಲ್ಯಾಕ್‌ವುಡ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಬಡವರ ಬಾಳಿನ ಪದ್ಯಚಿತ್ರ, ಹೌವಿಟನ ಪ್ರವಾಸಗ್ರಂಥಕ್ಕೆ ೧೮೪೦ರಲ್ಲಿ ಕೊಟ್ಟ ಒಂದು ಹಳೆಯ ಮನೆಯ ವರ್ಣನೆ, ಇಷ್ಟೇ ಮುಖ್ಯವಾದವು. ಅಂದರೆ ಮೊದಲ ಇಬ್ಬರು ಮಕ್ಕಳು ಎಳೆಯರಾಗಿದ್ದ ಕಾಲವನ್ನು ಮಾತ್ರ ನೋಡಿದರೆ ೧೮೬೨ರ ಪತ್ರದಲ್ಲಿ ಆಕೆಯು ಹೇಳಿಕೊಂಡದ್ದು ನಿಜವೇ ಆಗಿದೆ.

೪

ತೊಡಕು ಬರುವುದು ಮುಂದಿನ ವರ್ಷಗಳಲ್ಲಿ. ೧೮೪೫ರ ಬೇಸಗೆಯಲ್ಲಿ ಸಂಸಾರವು ವೇಲ್ಸ್ ಸೀಮೆಗೆ ವಿಶ್ರಾಂತಿಗಾಗಿ ಹೋಗಿದ್ದಾಗ ಹತ್ತು ತಿಂಗಳ ಕೂಸು ವಿಲಿಯಮನು ಕೆಂಜ್ವರದಿಂದ ತೀರಿಕೊಂಡನು. ತಾಯಿಯ ದುಃಖವು ಮೇರೆಮೀರಿತು. ಮನಸ್ಸನ್ನು ಬೇರೆಡೆಗೆ ತಿರುಗಿಸುವುದಕ್ಕಾಗಿ ಒಂದು ದೊಡ್ಡ ಗ್ರಂಥವನ್ನು ಬರೆಯಬೇಕೆಂದು ಗಂಡನೇ ಸೂಚಿಸಿದನೆಂದು ಪರಂಪರೆಯಾಗಿ ಹೇಳುವರು. 'ಮೇರಿ ಬಾರ್ಟನ್' ಕಾದಂಬರಿಯ ಮುನ್ನುಡಿಯಲ್ಲಿ ಆಕೆಯೇ ಈ ಸಂದರ್ಭವನ್ನು ಹೆಸರಿಸದೆ ಮರೆಯಾಗಿ ಸೂಚಿಸಿರುತ್ತಾಳೆ. ಗ್ರಂಥವು ೧೮೪೭ರ ವೇಳೆಗೆ ಬಹುಮಟ್ಟಿಗೆ ಮುಗಿದು, ೧೮೪೮ರ ಅಕ್ಟೋಬರಿನಲ್ಲಿ ಕರ್ತೃವಿನ ಹೆಸರಿಲ್ಲದೆ ಎರಡು ಸಂಪುಟಗಳಲ್ಲಿ ಹೊರಬಂದಿತು. ಪ್ರಕಾಶಕರಾದ ಚ್ಯಾಪ್‌ಮನ್ ಮತ್ತು ಹಾಲ್ ಇದಕ್ಕೆ ಕೊಟ್ಟ ಹಣ ೧೦೦ ಪೌಂಡು. ಇದಕ್ಕೆ ಸ್ವಲ್ಪ ಮುಂಚೆ, ೧೮೪೭ರಲ್ಲಿ, 'ಹೌವಿಟ್ಸ್ ಜರ್ನಲ್' ಎಂಬ ಪತ್ರಿಕೆಯಲ್ಲಿ ಕಾಟನ್ ಮೇದರ್ ಮಿಲ್ಸ್ ಎಂಬ ಗಂಡಸಿನ ಹೆಸರಿನಿಂದ ಕಥೆಗಳೂ ಪ್ರಕಟವಾಗಿದ್ದವು.

ಈಗ ವರ್ಷಗಳನ್ನು ಹೊಂದಿಸಿ ನೋಡಬೇಕು. ೧೮೪೭ರಲ್ಲಿ ಜೂಲಿಯಳು ತೊಟ್ಟಿಲಿನಿಂದ ಆಗತಾನೆ ಇಳಿದ ಕೂಸು. ಫ್ಲಾರೆನ್ಸಳಿಗೆ ಐದು ವರ್ಷ ತುಂಬುತ್ತಿತ್ತು. ಮೆಟಾಳಿಗೆ ಹತ್ತು. ಹೀಗಿರಲು, ಚಿಕ್ಕ ಮಕ್ಕಳಿದ್ದಾಗ ತಾನು ಕಥೆ ಬರೆಯಲಾಗುತ್ತಿರಲಿಲ್ಲವೆಂಬ ಮಾತು ಅಕ್ಷರಶಃ ಸಲ್ಲುವುದಿಲ್ಲ. ಬರೆದುದು ಮಾತ್ರವಲ್ಲ, ಆಕೆಯ ಹೆಸರನ್ನು ನಿಲ್ಲಿಸಿದ ಗ್ರಂಥವೇ ಮಗುವು ಕೈಯಲ್ಲಿದ್ದಾಗ ಹುಟ್ಟಿದುದು. ಪುಸ್ತಕವು ಪ್ರಕಟವಾದಾಗ ಆಕೆಗೆ ಮೂವತ್ತೆಂಟು ವರ್ಷ. ತರುಣಿಗೆ ಸೂಚಿಸಿದ ನಲವತ್ತಕ್ಕೆ ಇನ್ನೂ ಎರಡು ವರ್ಷ ಕಡಿಮೆ.

ಗ್ರಂಥದ ಒಳಗಣ ಸಾಕ್ಷ್ಯವನ್ನೂ ಇದರೊಡನೆ ಸೇರಿಸಬಹುದು. ಜಾನ್ ಬಾರ್ಟನನು ಮಿಲ್ಲಿನ ಒಡೆಯರನ್ನು ದ್ವೇಷಿಸುವುದಕ್ಕೆ ಕಥೆಯಲ್ಲಿ ಕೊಟ್ಟಿರುವ ಮೂಲಕಾರಣವು ಯಾವುದು? ಆತನ ಒಬ್ಬನೇ ಮಗನು ಕೆಂಜ್ವರದಿಂದ ಬಳಲಿ, ಪುಷ್ಟಿಕರವಾದ ಆಹಾರವಿಲ್ಲದೆ ಸಾಯುತ್ತಾನೆ. ಅದೇ ವೇಳೆಯಲ್ಲಿ ಕೆಲಸವಿಲ್ಲದ ತಂದೆಯು ಅಂಗಡಿಯ ಮುಂದೆ ನಿಂತು, ಒಡೆಯನ ಹೆಂಡತಿಯು ಔತಣಕ್ಕಾಗಿ ಸಾಮಾನುಗಳನ್ನು ಕೊಂಡುಹೋಗುವುದನ್ನು ನೋಡುತ್ತಾನೆ. ತನ್ನ ಮಗನನ್ನು ಕೊಂಡೊಯ್ದ ರೋಗವನ್ನೇ ಲೇಖಕಿಯು ನೇಕಾರನ ಮಗನಿಗೆ ಕೊಟ್ಟಿದ್ದಾಳೆ. ಆದರೆ ತನ್ನ ಮಗುವಿಗೆ ದೊರೆತ ಹಾಲು, ಔಷಧ, ಬೆಚ್ಚಗಿನ ಹಾಸಿಗೆಗಳನ್ನು ಕಿತ್ತುಕೊಂಡಿದ್ದಾಳೆ. ಈ ಒಂದು ವ್ಯತ್ಯಾಸದಲ್ಲಿ ಸ್ವಂತದ ಶೋಕವು ಸಮಾಜದ ಪ್ರಶ್ನೆಯಾಗಿ ಮಾರ್ಪಟ್ಟಿತು. ಶ್ರೀಮಂತನ ಮನೆಯಲ್ಲಿಯೂ ಮಗು ಸಾಯಬಹುದು. ಬಡವನ ಮನೆಯಲ್ಲಿ ಸಾವಿನೊಡನೆ, ಇದು ತಪ್ಪಬಹುದಾಗಿತ್ತೆಂಬ ಕ್ರೋಧವೂ ಸೇರುತ್ತದೆ. ಮ್ಯಾಂಚೆಸ್ಟರಿನ ಮಿಲ್ಲಿನ ಒಡೆಯರಲ್ಲಿ ಅನೇಕರು ಪುಸ್ತಕವನ್ನು ಕಂಡು ಸಿಟ್ಟಾದರು. ೧೮೪೯ರಲ್ಲಿ 'ಎಡಿನ್‌ಬರೊ ರೆವ್ಯೂ' ಪತ್ರಿಕೆಯಲ್ಲಿ ಡಬ್ಲ್ಯು. ಆರ್. ಗ್ರೆಗನು ಅದನ್ನು ಪಕ್ಷಪಾತದ ಗ್ರಂಥವೆಂದು ಖಂಡಿಸಿದನು. ಗಂಡನ ದೇವಾಲಯದ ಸಭಿಕರಲ್ಲಿಯೇ ಮಿಲ್ಲಿನ ಒಡೆಯರಿದ್ದರೆಂಬುದನ್ನು ನೆನೆದರೆ, ಪಾದ್ರಿಯ ಹೆಂಡತಿಯು ಎಂತಹ ಅಪಾಯವನ್ನು ತಲೆಯ ಮೇಲೆ ತಂದುಕೊಂಡಳೆಂಬುದು ಅರ್ಥವಾಗುತ್ತದೆ.

೫

೧೮೫೦ರಿಂದ ಆಕೆಯ ಬಾಳು ಎರಡು ಹೊಣೆಗಳ ನಡುವೆ ಬಹಿರಂಗವಾಗಿಯೇ ಹಂಚಿಹೋಯಿತು. ಆ ವರ್ಷದ ಆರಂಭದಲ್ಲಿ ಚಾರ್ಲ್ಸ್ ಡಿಕನ್ಸನು ತನ್ನ ಹೊಸ ಪತ್ರಿಕೆಯಾದ 'ಹೌಸ್‌ಹೋಲ್ಡ್ ವರ್ಡ್ಸ್'ಗೆ ಬರೆಯಬೇಕೆಂದು ಕೇಳಿಕೊಂಡನು. ಮಾರ್ಚ್ ೩೦ರ ಮೊದಲ ಸಂಚಿಕೆಯಲ್ಲಿಯೇ 'ಲಿಜಿ ಲೀ' ಎಂಬ ಕಥೆಯ ಪ್ರಥಮ ಭಾಗವು ಬಂದಿತು. ಅದಕ್ಕೆ ದೊರೆತ ೨೦ ಪೌಂಡುಗಳನ್ನು ಗಂಡನು ನಿಶ್ಚಿಂತೆಯಿಂದ ತನ್ನ ಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡನೆಂದು ಆಕೆಯು ಗೆಳತಿಯಾದ ಎಲೈಜಾ ಫಾಕ್ಸಳಿಗೆ ನಗುತ್ತ ಬರೆದಳು. ಈ ನಗೆಯ ಹಿಂದೆ ಆಗಿನ ಆಂಗ್ಲ ನ್ಯಾಯಶಾಸ್ತ್ರವಿದೆ. ಮದುವೆಯಾದ ಹೆಂಗಸಿನ ಸಂಪಾದನೆಯು ಕಾನೂನಿನ ಪ್ರಕಾರ ಗಂಡನದು. ೧೮೭೦ ಮತ್ತು ೧೮೮೨ರ ಶಾಸನಗಳಿಂದ ಮಾತ್ರ ಇದು ಬದಲಾಯಿತು. ಈ ನ್ಯಾಯವನ್ನು ತಿದ್ದಬೇಕೆಂದು ೧೮೫೬ರಲ್ಲಿ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಗೆ ಗ್ಯಾಸ್ಕೆಲಳೂ ರುಜು ಹಾಕಿದ್ದಳು. ಆದರೆ ಶಾಸನದಿಂದ ಬಹಳ ಪ್ರಯೋಜನವಾದೀತೆಂಬ ನಂಬಿಕೆ ಆಕೆಗಿರಲಿಲ್ಲ.

ಅದೇ ೧೮೫೦ರ ಪತ್ರಗಳಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಎರಡು ವಿಚಾರಗಳಿವೆ. ಮೊದಲನೆಯದು, ಮನೆಯ ಕರ್ತವ್ಯವೂ ವ್ಯಕ್ತಿಯ ವಿಕಾಸವೂ ಒಂದರೊಡನೊಂದು ಹೇಗೆ ಬಾಳಬೇಕೆಂಬುದು. ದಿನದಿನದ ಸಣ್ಣಪುಟ್ಟ ಚಿಂತೆಗಳು ಮುಳ್ಳಿನಂತೆ ಚುಚ್ಚುವಾಗ ಹೆಂಗಸಿಗೆ ಅಡಗಿಕೊಳ್ಳುವುದಕ್ಕೆ ಕಲೆಯ ಲೋಕವೊಂದಿರುವುದು ಆರೋಗ್ಯಕರವೆಂದು ಆಕೆಯ ಅಭಿಪ್ರಾಯ. ಆದರೆ ಎರಡರ ನಡುವಣ ಗಡಿಯನ್ನು ಎಲ್ಲಿ ಹಾಕಬೇಕೆಂಬುದೇ ಕಷ್ಟವೆಂದೂ ಒಪ್ಪಿಕೊಳ್ಳುತ್ತಾಳೆ. ಎರಡನೆಯದು, ತನ್ನೊಳಗೆ ಒಂದಲ್ಲ ಹಲವು 'ನಾನು'ಗಳಿವೆಯೆಂಬುದು. ಒಂದು 'ನಾನು' ನಿಜವಾದ ಕ್ರೈಸ್ತಳು, ಬಡವರಿಗಿಲ್ಲದ ಸುಖವು ತನಗೇಕೆಂದು ಕೇಳುವವಳು. ಮತ್ತೊಂದು ಹೆಂಡತಿ ಮತ್ತು ತಾಯಿ. ಇನ್ನೊಂದು ಸೌಂದರ್ಯಕ್ಕೆ ಮನಸೋಲುವಾಕೆ. ಈ ಜಗಳವೆದ್ದುದು ಪ್ಲಿಮತ್ ಗ್ರೋವಿನಲ್ಲಿ ಹಿಡಿದ ದೊಡ್ಡ ಮನೆಯ ಕಾರಣದಿಂದ. ವರ್ಷಕ್ಕೆ ೧೫೦ ಪೌಂಡು ಬಾಡಿಗೆಯ ಆ ಮನೆಯು ಸುಂದರವಾಗಿತ್ತು. ಊರಿನಲ್ಲಿ ಹಸಿದವರಿರುವಾಗ ಅಷ್ಟು ವೆಚ್ಚವು ಧರ್ಮವೇ ಎಂಬ ಸಂಶಯವೂ ಬಿಡಲಿಲ್ಲ.

ಇಲ್ಲಿ ಆಕೆಯ ಮತಶ್ರದ್ಧೆಯ ಸ್ವರೂಪವನ್ನು ಗಮನಿಸಬೇಕು. ಯೂನಿಟೇರಿಯನ್ನರು ಯೇಸುವಿನ ಉಪದೇಶವನ್ನು ಆಚರಣೆಯಲ್ಲಿ ತೋರಿಸುವುದೇ ಮತದ ತಿರುಳೆಂದು ಎಣಿಸಿದವರು. ವಿಚಾರಸ್ವಾತಂತ್ರ್ಯಕ್ಕೂ ಲೋಕಸೇವೆಗೂ ಮಹತ್ವ ಕೊಟ್ಟವರು. ಆದುದರಿಂದ ಆಕೆಗೆ ಪ್ರತಿಭೆಯೆಂಬುದು ದೇವರು ಕೊಟ್ಟ ಒಡವೆ. ಅದನ್ನು ಹೂತಿಡುವುದು ಪಾಪ. ಆದರೆ ಮಕ್ಕಳೂ ದೇವರು ಕೊಟ್ಟವರೇ. ಅವರನ್ನು ಅಲಕ್ಷ್ಯ ಮಾಡುವುದೂ ಪಾಪ. ಆಕೆಯ ಸಂಕಟವು ಧರ್ಮಕ್ಕೂ ಸುಖಕ್ಕೂ ನಡುವಣದಲ್ಲ. ಎರಡು ಧರ್ಮಗಳ ನಡುವಣದು. ಈ ಅಂಶವನ್ನು ಬಿಟ್ಟರೆ ಆಕೆಯ ಪತ್ರಗಳು ಸಾಮಾನ್ಯ ಗೃಹಿಣಿಯ ಗೊಣಗಾಟದಂತೆ ತೋರಬಹುದು.

೬

ಬರೆಯುವ ಸ್ಥಳದ ವಿಷಯವೂ ಉಪೇಕ್ಷಣೀಯವಲ್ಲ. ಪ್ಲಿಮತ್ ಗ್ರೋವಿನ ಮನೆಯಲ್ಲಿ ಪಾದ್ರಿಗೆ ಓದುವ ಕೋಣೆಯೊಂದು ಪ್ರತ್ಯೇಕವಾಗಿತ್ತು. ಕಾದಂಬರಿಕರ್ತ್ರಿಯು ಬರೆಯುತ್ತಿದ್ದುದು ಎಲ್ಲರೂ ಓಡಾಡುವ ಊಟದ ಮನೆಯಲ್ಲಿ. ಮಕ್ಕಳು, ಸೇವಕರು, ಅತಿಥಿಗಳು, ದೇವಾಲಯದ ಕೆಲಸಕ್ಕೆ ಬಂದವರು, ಎಲ್ಲರಿಗೂ ಆಕೆಯು ಸುಲಭವಾಗಿ ಸಿಕ್ಕುತ್ತಿದ್ದಳು. ಅಮೆರಿಕೆಯ ಮಿತ್ರನಾದ ಚಾರ್ಲ್ಸ್ ಎಲಿಯಟ್ ನಾರ್ಟನನಿಗೆ ೧೮೫೭ರ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ, ಬೆಳಗಿನ ಉಪಾಹಾರವಾದ ಒಂದು ಗಂಟೆಯೊಳಗೆ ತಾನು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಪಟ್ಟಿಮಾಡಿರುತ್ತಾಳೆ: ಮಾಂಸವನ್ನು ಎಷ್ಟು ಹೊತ್ತು ಬೇಯಿಸಬೇಕು, ಮ್ಯಾಂಚೆಸ್ಟರಿನ ಹೊಗೆಯಲ್ಲಿ ಯಾವ ಹೂಗಿಡ ಬದುಕೀತು, ಉಡುಪಿನ ಉದ್ದವೆಷ್ಟಿರಬೇಕು, ಶಿಕ್ಷಕಿಗೆ ಸಂಬಳವೆಷ್ಟು. ನಾರ್ಟನನಂತೆ ತನಗೂ ಯಾರೂ ಬಾರದ ಗ್ರಂಥಶಾಲೆಯಿದ್ದಿದ್ದರೆ ಎಷ್ಟು ಬರೆಯುತ್ತಿದ್ದೆನೆಂಬುದು ಆ ಪಟ್ಟಿಯ ಭಾವ.

ಇಂತಹ ಜೀವನಕ್ರಮವು ಆಕೆಯ ಶಿಲ್ಪದ ಮೇಲೆ ಎರಡು ಬಗೆಯ ಪರಿಣಾಮವನ್ನುಂಟುಮಾಡಿತು. ೧೮೫೧ರ ಡಿಸೆಂಬರಿನಿಂದ ೧೮೫೩ರ ಮೇ ತಿಂಗಳವರೆಗೆ ಬಿಡಿಬಿಡಿಯಾಗಿ ಪ್ರಕಟವಾದ 'ಕ್ರಾನ್‌ಫರ್ಡ್' ಗ್ರಂಥಕ್ಕೆ ಅದು ಹಿತವೇ ಆಯಿತು. ಮೇಣದಬತ್ತಿಯನ್ನು ಉಳಿಸುವುದು, ಹಳೆಯ ಕಸೂತಿಪಟ್ಟಿಯನ್ನು ಜೋಪಾನಮಾಡುವುದು, ಬಡತನವನ್ನು ಮಾನದಿಂದ ಮುಚ್ಚಿಕೊಳ್ಳುವುದು, ಇಂತಹ ಸೂಕ್ಷ್ಮಗಳನ್ನು ಮನೆವಾರ್ತೆಯನ್ನು ಬಲ್ಲವಳಲ್ಲದೆ ಬೇರೊಬ್ಬರು ಬರೆಯಲಾರರು. ಬಿಡುವು ದೊರೆತಾಗ ಒಂದೊಂದು ಪ್ರಕರಣವಾಗಿ ಬರೆಯುವ ಕ್ರಮವು ಆ ಗ್ರಂಥದ ಸ್ವಭಾವಕ್ಕೆ ಹೊಂದಿತು. ಆದರೆ ೧೮೫೪ರ ಸೆಪ್ಟೆಂಬರಿನಿಂದ ೧೮೫೫ರ ಜನವರಿಯವರೆಗೆ ವಾರವಾರವೂ ಬರಬೇಕಾಗಿದ್ದ 'ನಾರ್ತ್ ಅಂಡ್ ಸೌತ್' ಕಾದಂಬರಿಗೆ ಅದೇ ಕ್ರಮವು ಕಂಟಕವಾಯಿತು. ಸಂಗ್ರಹಿಸಬೇಕೆಂದು ಡಿಕನ್ಸನ ಒತ್ತಾಯ. ಕಥೆಯು ತನ್ನ ನಡಿಗೆಯಲ್ಲಿ ಬೆಳೆಯಬೇಕೆಂದು ಈಕೆಯ ಹಟ. ಆ ಅಕ್ಟೋಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ತಂದೆತಾಯಿಗಳ ಮನೆಯಾದ ಲೀ ಹರ್ಸ್ಟಿಗೆ ಹೋಗಿ ಏಕಾಂತದಲ್ಲಿ ಕೆಲವು ಭಾಗಗಳನ್ನು ಬರೆದಳು. ಆದರೂ ಕೊನೆಯು ಅವಸರದ್ದಾಯಿತೆಂದು ಆಕೆಗೇ ಅತೃಪ್ತಿ. ಗ್ರಂಥರೂಪದಲ್ಲಿ ಪ್ರಕಟಿಸುವಾಗ ಹೊಸ ಅಧ್ಯಾಯಗಳನ್ನು ಸೇರಿಸಿ ಸರಿಪಡಿಸಿದಳು.

'ರೂತ್' ಎಂಬ ಕಾದಂಬರಿಯು ೧೮೫೩ರಲ್ಲಿ ಹೊರಬಂದಾಗ ಕುಟುಂಬಕ್ಕೂ ಕಲೆಗೂ ಇದ್ದ ಸಂಬಂಧವು ಬೇರೊಂದು ಪರೀಕ್ಷೆಗೆ ಒಳಗಾಯಿತು. ಮೋಸಹೋಗಿ ತಾಯಿಯಾದ ಹೊಲಿಗೆಯ ಹುಡುಗಿಯನ್ನು ಪಾದ್ರಿಯೊಬ್ಬನು ಮನೆಗೆ ಕರೆದುಕೊಂಡು ಕಾಪಾಡುವ ಕಥೆಯಿದು. ಗಂಡನ ದೇವಾಲಯದ ಸಭಿಕರಲ್ಲಿ ಇಬ್ಬರು ಮೊದಲ ಸಂಪುಟವನ್ನು ಸುಟ್ಟರು. ಮತ್ತೊಬ್ಬನು ತನ್ನ ಹೆಂಡತಿಯು ಅದನ್ನು ಓದದಂತೆ ತಡೆದನು. ಇದನ್ನು ಗೆಳತಿಗೆ ತಿಳಿಸುತ್ತ, ತನ್ನ ಮನೆಯಲ್ಲಿಯೂ ಅದು ನಿಷಿದ್ಧ ಗ್ರಂಥವೇ ಎಂದು ಆಕೆಯು ಒಪ್ಪಿಕೊಂಡಳು. ಲೋಕಕ್ಕೆ ಹೇಳಲೇಬೇಕೆಂದು ಮನಸ್ಸಾಕ್ಷಿಯು ಒತ್ತಾಯಿಸಿದ ಮಾತನ್ನು ಪ್ರಾಯಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳ ಕೈಗೆ ಕೊಡಲು ತಾಯಿಯು ಹಿಂಜರಿದಳು. ಎರಡು ಧರ್ಮಗಳ ಹೋರಾಟವು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

೧೮೫೭ರಲ್ಲಿ ಪ್ರಕಟವಾದ 'ಶಾರ್ಲಟ್ ಬ್ರಾಂಟೆಯ ಜೀವನಚರಿತ್ರೆ'ಯಲ್ಲಿ ಈ ಪ್ರಶ್ನೆಯು ಸಿದ್ಧಾಂತದ ರೂಪವನ್ನು ತಾಳಿತು. ಪುರುಷನು ಲೇಖಕನಾದಾಗ ಆತನು ಬಿಟ್ಟ ಉದ್ಯೋಗವನ್ನು ಮತ್ತೊಬ್ಬನು ಮಾಡಬಲ್ಲನು. ಆದರೆ ಮಗಳು, ಹೆಂಡತಿ, ತಾಯಿ ಎಂಬ ಸ್ಥಾನಗಳಲ್ಲಿ ಬದಲಿಯವರು ನಿಲ್ಲಲಾರರು. ಹಾಗೆಂದು ಹೆಂಗಸು ದೇವದತ್ತವಾದ ಶಕ್ತಿಯನ್ನು ಬಚ್ಚಿಡುವಂತೆಯೂ ಇಲ್ಲವೆಂದು ಅಲ್ಲಿನ ವಾದ. ಶಾರ್ಲಟಳನ್ನು ಕುರಿತು ಹೇಳಿದ ಈ ಮಾತು ಬರೆದಾಕೆಗೇ ಹೆಚ್ಚು ಒಪ್ಪುತ್ತದೆ. ಪುಸ್ತಕ ಪ್ರಕಟವಾದಾಗ ಆಕೆಯು ಮಗಳಂದಿರೊಡನೆ ರೋಮಿನಲ್ಲಿದ್ದಳು. ಗ್ರಂಥದ ಕೆಲವು ಮಾತುಗಳಿಗಾಗಿ ವ್ಯಾಜ್ಯದ ಬೆದರಿಕೆ ಬಂದಾಗ, ಅವುಗಳನ್ನು ಹಿಂತೆಗೆದುಕೊಳ್ಳುವ ಪ್ರಕಟಣೆಯ ವ್ಯವಹಾರವನ್ನೆಲ್ಲ ನಿರ್ವಹಿಸಿದಾತನು ಗಂಡ. ಹೆಂಡತಿಯ ಹಣವನ್ನು ಜೇಬಿಗೆ ಹಾಕಿಕೊಂಡವನೆಂಬ ಒಂದೇ ಚಿತ್ರದಿಂದ ಆತನನ್ನು ಅಳೆಯುವುದು ನ್ಯಾಯವಲ್ಲ. ಆಕೆಯ ಹಸ್ತಪ್ರತಿಗಳನ್ನು ತಿದ್ದಿದವನೂ, 'ಮೇರಿ ಬಾರ್ಟನ್' ಗ್ರಂಥದ ಆಡುಮಾತಿಗೆ ಟಿಪ್ಪಣಿಗಳನ್ನು ಒದಗಿಸಿದವನೂ ಆತನೇ. ೧೮೬೩ರ 'ಸಿಲ್ವಿಯಾಸ್ ಲವರ್ಸ್' ಕಾದಂಬರಿಯನ್ನು ಆಕೆಯು ಆತನಿಗೇ ಅರ್ಪಿಸಿದಳು.

೭

ಈಗ ೧೮೬೨ರ ಪತ್ರವನ್ನು ಮತ್ತೆ ಪರಿಶೀಲಿಸೋಣ. ಅದನ್ನು ಬರೆದ ಕಾಲವು ಲ್ಯಾಂಕಾಷೈರಿನ ಹತ್ತಿಯ ಕ್ಷಾಮದ ಕಾಲ. ಅಮೆರಿಕೆಯ ಅಂತರ್ಯುದ್ಧದಿಂದ ಹತ್ತಿಯ ಸರಬರಾಜು ನಿಂತು ಮಿಲ್ಲುಗಳು ಮುಚ್ಚಿದ್ದವು. ಮ್ಯಾಂಚೆಸ್ಟರಿನ ವರ್ತಕರ ದೃಷ್ಟಿಯು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದುದೂ, ಅದನ್ನು ಸಾಗಿಸುವ ಬಂದರಿಗಾಗಿ ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾದುದೂ ಈ ಸಂದರ್ಭದಲ್ಲಿಯೇ. ಗ್ಯಾಸ್ಕೆಲಳೂ ಮಗಳಂದಿರೂ ಕೆಲಸ ಕಳೆದುಕೊಂಡವರ ಪರಿಹಾರಕಾರ್ಯದಲ್ಲಿ ದಣಿಯುತ್ತಿದ್ದರು. ಬಡತನವು ಹೆಂಗಸರ ದೇಹವನ್ನು ಹೇಗೆ ಸವೆಸುತ್ತದೆಂಬುದು ದಿನವೂ ಕಣ್ಣೆದುರಿನಲ್ಲಿದ್ದಿತು.

ಪತ್ರವನ್ನು ಉದಾಹರಿಸುವವರು ಸಾಧಾರಣವಾಗಿ ಬಿಟ್ಟುಬಿಡುವ ಭಾಗವೊಂದಿದೆ. ಅದು ಬಟ್ಟೆ ಒಗೆಯುವ, ಹೊಲಿಯುವ, ಮನೆಗೆಲಸವನ್ನು ಹಗುರಮಾಡಿಕೊಳ್ಳುವ ವಿಧಾನಗಳ ಸಲಹೆ. ಕಾದಂಬರಿಯನ್ನು ಕಳುಹಿಸಿದಾಕೆಗೆ ಒಗೆತದ ವಿಷಯವನ್ನು ಬರೆದದ್ದು ಕೆಲವರಿಗೆ ಅಪಹಾಸ್ಯವೆಂದು ತೋರಿದೆ. ನಮ್ಮ ಮತದಲ್ಲಿ ಇದೇ ಪತ್ರದ ಕೀಲಿ. ಗ್ಯಾಸ್ಕೆಲಳ ಮನೆಯಲ್ಲಿ ಅಡಿಗೆಯವರು, ಸೇವಕಿಯರು, ಎಲ್ಲಕ್ಕಿಂತ ಮಿಗಿಲಾಗಿ ಹರ್ನ್ ಎಂಬ ವಿಶ್ವಾಸದ ದಾದಿಯಿದ್ದರು. ೧೮೪೭ರಲ್ಲಿ ಕೂಸನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಒಂದು ಗಂಟೆ ಕುಳಿತು ಬರೆಯುವುದು ಅದರಿಂದಲೇ ಸಾಧ್ಯವಾಗಿತ್ತು. ಆ ತರುಣಿಗೆ ಅಂತಹ ಅನುಕೂಲವಿರಲಿಲ್ಲ. ತನ್ನ ಬಟ್ಟೆಯನ್ನು ತಾನೇ ಒಗೆದು, ತನ್ನ ಮಕ್ಕಳನ್ನು ತಾನೇ ನೋಡಿಕೊಳ್ಳುವಾಕೆಗೆ ಬರೆಯುವ ಗಂಟೆಯು ಎಲ್ಲಿಂದ ಬರಬೇಕು? ನಿದ್ರೆಯಿಂದ, ಇಲ್ಲವೆ ಮಕ್ಕಳಿಂದ. ಆದುದರಿಂದ ಹಿರಿಯ ಲೇಖಕಿಯು ಮೊದಲು ದಿನದಲ್ಲಿ ಬಿಡುವನ್ನು ಹುಟ್ಟಿಸುವ ಉಪಾಯವನ್ನು ಹೇಳಿದಳು. ಸಾಬೂನಿನ ಮಾತು ಇಲ್ಲಿ ಸಾಹಿತ್ಯದ ಮಾತೇ ಆಗಿದೆ.

ಹಾಗಾದರೆ ತನ್ನ ವಿಷಯದಲ್ಲಿ ಆಕೆಯು ಹೇಳಿಕೊಂಡದ್ದು ಅಸತ್ಯವೇ? ಹಾಗೆನ್ನಲಾಗದು. ಹದಿನೈದು ವರ್ಷಗಳ ಅನಂತರ ಆಕೆಯ ನೆನಪಿನಲ್ಲಿ 'ಚಿಕ್ಕ ಮಕ್ಕಳ ಕಾಲ'ವೆಂದು ಉಳಿದಿದ್ದುದು ಮೇರಿಯಾನ್, ಮೆಟಾ ಇಬ್ಬರೂ ಎಳೆಯರಾಗಿದ್ದ ದಿನಚರಿಯ ವರ್ಷಗಳು. 'ಮೇರಿ ಬಾರ್ಟನ್' ಹುಟ್ಟಿದ ಕಾಲವು ಆಕೆಗೆ ಮಗನನ್ನು ಕಳೆದುಕೊಂಡ ಕಾಲ. ಅಲ್ಲಿ ಬರೆವಣಿಗೆಯು ಆಯ್ಕೆಯಾಗಿರಲಿಲ್ಲ, ಬದುಕುವುದಕ್ಕೆ ಬೇಕಾದ ಊರುಗೋಲಾಗಿತ್ತು. ಅದನ್ನು ಇನ್ನೊಬ್ಬರಿಗೆ ಮಾದರಿಯೆಂದು ತೋರಿಸುವುದಕ್ಕೆ ಆಕೆಯ ಮನಸ್ಸು ಒಪ್ಪದಿದ್ದುದು ಸಹಜ. ಇಂತಹ ಬೆಲೆಯನ್ನು ತೆತ್ತು ಕಾದಂಬರಿಯನ್ನು ಬರೆಯೆಂದು ಯಾವ ತಾಯಿಯು ಮತ್ತೊಬ್ಬ ತಾಯಿಗೆ ಹೇಳಿಯಾಳು?

ಆದರೂ ಸಲಹೆಯಲ್ಲಿ ಒಂದು ಕೊರತೆಯು ಉಳಿಯುತ್ತದೆಂಬುದನ್ನು ಮುಚ್ಚಬೇಕಾಗಿಲ್ಲ. ನಲವತ್ತರವರೆಗೆ ಕಾಯಬಲ್ಲವರು ಆರೋಗ್ಯವೂ ಆಯುಸ್ಸೂ ಇರುವವರು. ಶಾರ್ಲಟ್ ಬ್ರಾಂಟೆಗೆ ಮೂವತ್ತೊಂಬತ್ತು ತುಂಬುವುದಕ್ಕೆ ಮೊದಲೇ ಮರಣ ಬಂದಿತೆಂಬುದನ್ನು ಆಕೆಯ ಚರಿತ್ರೆಯನ್ನು ಬರೆದ ಗ್ಯಾಸ್ಕೆಲಳಿಗಿಂತ ಚೆನ್ನಾಗಿ ಬಲ್ಲವರು ಯಾರು?

೮

ಆಕೆಯ ಕೊನೆಯ ವರ್ಷಗಳು ಈ ವಿಚಾರಕ್ಕೆ ತಕ್ಕ ವ್ಯಾಖ್ಯಾನವಾಗಿವೆ. ೧೮೬೪ರ ಆಗಸ್ಟಿನಿಂದ 'ಕಾರ್ನ್‌ಹಿಲ್' ಮಾಸಪತ್ರಿಕೆಯಲ್ಲಿ 'ವೈವ್ಸ್ ಅಂಡ್ ಡಾಟರ್ಸ್' ಪ್ರಕಟವಾಗುತ್ತಿತ್ತು. ತಾಯಿಯಿಲ್ಲದೆ ಬೆಳೆದ ಹುಡುಗಿ, ಮಲತಾಯಿ, ತಂದೆಯ ಮೌನ, ಇವುಗಳನ್ನು ನಿರೂಪಿಸಿದ ಈ ಗ್ರಂಥವೇ ಆಕೆಯ ಕೃತಿಗಳಲ್ಲಿ ಪರಿಪಕ್ವವಾದುದೆಂದು ಅನೇಕ ವಿಮರ್ಶಕರ ಮತ. ಇದರಿಂದ ಬರಲಿದ್ದ ಹಣವನ್ನು ನಂಬಿ, ಪ್ರಕಾಶಕನಿಂದ ಸಾಲವನ್ನೂ ಪಡೆದು, ಗಂಡನಿಗೆ ತಿಳಿಯದಂತೆ ಹ್ಯಾಂಪ್‌ಷೈರಿನ ಹೋಲಿಬೋರ್ನ್ ಗ್ರಾಮದಲ್ಲಿ ಒಂದು ಮನೆಯನ್ನು ಕೊಂಡಳು. ಗಂಡನ ವಿಶ್ರಾಂತಿಗೂ ಮದುವೆಯಾಗದ ಮಗಳಂದಿರ ಆಸರೆಗೂ ಅದು ಆಗಬೇಕೆಂಬುದು ಆಕೆಯ ಬಯಕೆ. ಲೇಖನಿಯು ಸಂಸಾರಕ್ಕೆ ತೆತ್ತ ಕಾಣಿಕೆಯದು. ಆದರೆ ಅದರ ಋಣವನ್ನು ತೀರಿಸಲು ಆಕೆಯು ದೇಹಶಕ್ತಿಯನ್ನು ಮೀರಿ ದುಡಿದಳು. ೧೮೬೫ರ ನವೆಂಬರ್ ೧೨ರಂದು, ಅದೇ ಮನೆಯಲ್ಲಿ ಮಗಳಂದಿರೊಡನೆ ಮಾತನಾಡುತ್ತಿದ್ದಾಗಲೇ ಹಠಾತ್ತಾಗಿ ಪ್ರಾಣಬಿಟ್ಟಳು. ಕಾದಂಬರಿಯ ಕೊನೆಯ ಭಾಗವು ಬರೆಯದೆ ಉಳಿಯಿತು. ಪತ್ರಿಕೆಯ ಸಂಪಾದಕನಾದ ಫ್ರೆಡರಿಕ್ ಗ್ರೀನ್‌ವುಡನು ಕಥೆಯ ಮುಂದಿನ ಉದ್ದೇಶವನ್ನು ಸೂಚಿಸುವ ಟಿಪ್ಪಣಿಯನ್ನು ಸೇರಿಸಿ ಅದನ್ನು ಮುಗಿಸಿದನು.

ಮೇಲ್ಕಂಡ ವಿಚಾರಗಳಿಂದ ಈ ಕೆಳಗಿನ ನಿರ್ಣಯಗಳಿಗೆ ಬರಬಹುದಾಗಿದೆ. ಒಂದನೆಯದಾಗಿ, ೧೮೬೨ರ ಪತ್ರವು ಸ್ತ್ರೀಯರೆಲ್ಲರಿಗೂ ವಿಧಿಸಿದ ನಿಯಮವಲ್ಲ. ಸಹಾಯಕರಿಲ್ಲದ, ಬಳಲಿದ ಒಬ್ಬ ತಾಯಿಗೆ ಬರೆದ ಆಪ್ತಸಲಹೆ. ಎರಡನೆಯದಾಗಿ, ಗ್ಯಾಸ್ಕೆಲಳ ಸ್ವಂತ ಆಚರಣೆಯು ಆ ಸಲಹೆಗಿಂತ ಧೈರ್ಯವುಳ್ಳದ್ದಾಗಿತ್ತು. ಆ ಧೈರ್ಯಕ್ಕೆ ದುಃಖವು ಪ್ರೇರಣೆಯನ್ನೂ, ಸೇವಕರ ದುಡಿಮೆಯು ಅವಕಾಶವನ್ನೂ ಒದಗಿಸಿದವು. ಮೂರನೆಯದಾಗಿ, ಗೃಹಕೃತ್ಯವು ಆಕೆಯ ಕಲೆಗೆ ಕೇವಲ ಅಡ್ಡಿಯೂ ಅಲ್ಲ, ಕೇವಲ ಆಕರವೂ ಅಲ್ಲ. ಗ್ರಂಥಗ್ರಂಥಕ್ಕೂ ಅದರ ಫಲವು ಬೇರೆಯಾಗಿದೆ. ಪಾಠಶಾಲೆಗಳಲ್ಲಿ ಈಕೆಯ ಕೃತಿಗಳನ್ನು ಬೋಧಿಸುವ ಅಧ್ಯಾಪಕರು ಪ್ರತಿಯೊಂದು ಗ್ರಂಥದೊಡನೆ ಅದು ಹುಟ್ಟಿದ ವರ್ಷದಲ್ಲಿ ಮನೆಯ ಮಕ್ಕಳ ವಯಸ್ಸನ್ನೂ ಮನೆಯ ಕೆಲಸವನ್ನು ಮಾಡುತ್ತಿದ್ದ ಕೈಗಳನ್ನೂ ವಿದ್ಯಾರ್ಥಿಗಳಿಗೆ ತಿಳಿಸಿದರೆ, ಪಾರಿವಾಳವೆಂಬ ಹಳೆಯ ಬಿರುದು ತಾನಾಗಿಯೇ ಬಿದ್ದುಹೋಗುವುದು. ಲೇಖಕಿಯರ ಚರಿತ್ರೆಯನ್ನು ಬರೆಯುವವರು ಗ್ರಂಥಗಳ ಪಟ್ಟಿಯ ಪಕ್ಕದಲ್ಲಿ ಮನೆಯ ಲೆಕ್ಕದ ಪುಸ್ತಕವನ್ನೂ ತೆರೆದಿಡಬೇಕಾದುದು ಅವಶ್ಯಕ.